ಟೊಮೆಟೊ ಕಾಯಿ ಕೆಳಗಡೆ ಕಪ್ಪಾಗಿ ಕೊಳೆಯುತ್ತಿದೆ, ಎಲೆ ಮುರುಟುತ್ತಿದೆ. ವಿಷ ಹೊಡೆಯದೆ ಗಿಡ ಉಳಿಸೋದು ಹೇಗೆ?

ಹಿತ್ತಲತೋಟ (ಕಲಬುರಗಿ)
ಎಲ್ಲರಿಗೂ ನಮಸ್ಕಾರ. ಸೇಡಂ ರಸ್ತೆ ಕಡೆ ನಮ್ಮ ಮನೆ. ಹಿತ್ತಲಲ್ಲಿ ಎರೆ ಮಣ್ಣು. ನವೆಂಬರ್ ಮೊದಲ ವಾರ 24 ಟೊಮೆಟೊ ಸಸಿ ನೆಟ್ಟೆ. ಕೊಟ್ಟಿಗೆ ಗೊಬ್ಬರ, ಹದಿನೈದು ದಿನಕ್ಕೊಮ್ಮೆ ಜೀವಾಮೃತ (ಸಗಣಿ, ಗಂಜಲ, ಬೆಲ್ಲ ಕೊಳೆಸಿದ ನೀರು), ಅಷ್ಟೇ. ಒಂದು ಹನಿ ಔಷಧಿ ಹೊಡೆದಿಲ್ಲ. ಜನವರಿ ತನಕ ಗಿಡ ಸೊಂಟದೆತ್ತರ ಬೆಳೆದು ಗೊಂಚಲು ಗೊಂಚಲು ಕಾಯಿ ಕಟ್ಟಿತ್ತು.

ಹೋಳಿ ಇನ್ನೂ ದೂರ ಇದೆ, ಆಗಲೇ ಬಿಸಿಲು ಏರಿದೆ. ಒಂದರ ಹಿಂದೆ ಒಂದು ತೊಂದರೆ ಶುರುವಾಗಿದೆ. ಕಾಯಿ ನಿಂಬೆಹಣ್ಣಿನಷ್ಟು ಆಗುತ್ತಲೇ ಅದರ ಕೆಳಗಡೆ, ಹೂವು ಉದುರಿದ ಜಾಗ, ನೀರು ಹತ್ತಿದ ಹಾಗೆ ಕಾಣುತ್ತದೆ. ನಾಲ್ಕು ದಿನದಲ್ಲಿ ಅದೇ ಜಾಗ ಕಪ್ಪಾಗಿ, ಒಳಗೆ ಕುಸಿದು, ಹಳೇ ಚಪ್ಪಲಿಯ ತೊಗಲಿನ ಹಾಗೆ ಗಟ್ಟಿಯಾಗುತ್ತದೆ. ನಿನ್ನೆ ಕೂತು ಎಣಿಸಿದೆ. 70 ಕಾಯಿಯಲ್ಲಿ 31 ಹೀಗೇ ಆಗಿವೆ. ಜೊತೆಗೆ ಐದು ಗಿಡದ ಎಲೆ ಮೇಲಕ್ಕೆ ಮುರುಟಿದೆ. ಹೂವೂ ಉದುರುತ್ತಿದೆ.

ಮೊಟ್ಟೆ ಸಿಪ್ಪೆ ಪುಡಿ ಮಾಡಿ ಎರಡು ಸಲ ಹಾಕಿದೆ. ಒಲೆ ಬೂದಿ ಹಾಕಿದೆ. ಸುಣ್ಣದ ತಿಳಿನೀರು ಹಾಕಮ್ಮ ಅಂತ ಪಕ್ಕದ ಮನೆ ಕಾಕಾ ದಿನಾ ಹೇಳುತ್ತಾರೆ. ಹಾಕಲಾ? ಮಕ್ಕಳು ಗಿಡದಿಂದ ಕಿತ್ತು ಹಾಗೇ ತಿನ್ನುತ್ತಾರೆ, ಅದಕ್ಕೇ ವಿಷ ಬೇಡ ಅಂತ ನನ್ನ ಹಟ.

ಆಳಂದ_ರೈತ
ಇದು ಶಿಲೀಂಧ್ರ ರೋಗ. ಬೋರ್ಡೊ ದ್ರಾವಣ ಹೊಡೆಯಿರಿ. ಲೀಟರಿಗೆ ಮೈಲುತುತ್ತ 10 ಗ್ರಾಂ, ಸುಣ್ಣ 10 ಗ್ರಾಂ. ಸಾವಯವದಲ್ಲೂ ಮಿತಿಯಲ್ಲಿ ಬಳಸಬಹುದು.

ಎರೆಹೊಲ (ಜೇವರ್ಗಿ)
ಇಲ್ಲ ಅಣ್ಣಾ, ಇದು ರೋಗವೇ ಅಲ್ಲ. ಶಿಲೀಂಧ್ರ ಆಗಿದ್ದರೆ ಕಾಯಿಯ ಎಲ್ಲಿ ಬೇಕಾದರೂ ಚುಕ್ಕೆ ಬೀಳಬೇಕಿತ್ತು. ಅಕ್ಕಾ ಬರೆದದ್ದು ನೋಡಿ, ಪ್ರತಿ ಕಾಯಿಗೂ ಅದೇ ಜಾಗ. ಕ್ಯಾಲ್ಸಿಯಂ ಕಾಯಿಯ ತುದಿ ತನಕ ಮುಟ್ಟದೆ ಹೋದಾಗ ಹೀಗಾಗುತ್ತದೆ. ಸತ್ತ ಜಾಗದ ಮೇಲೆ ಆಮೇಲೆ ಕಪ್ಪು ಬೂಷ್ಟು ಕೂರುತ್ತದೆ, ಅದನ್ನು ನೋಡಿ ರೋಗ ಅಂದುಕೊಳ್ಳುತ್ತೇವೆ.

ಅಕ್ಕಾ, ನೀರು ಹೇಗೆ ಹಾಕುತ್ತೀರಿ? ಮೊದಲು ಅದು ಹೇಳಿ.

ಮೊಗ್ಗು
ಕ್ಯಾಲ್ಸಿಯಂ ಕಮ್ಮಿ ಅಂದಮೇಲೆ ಸುಣ್ಣ ಹಾಕಿದರೆ ಆಯ್ತಲ್ವಾ? ಕಾಕಾ ಹೇಳಿದ್ದು ಸರಿಯಾಗೇ ಇದೆ.

ಹಿತ್ತಲತೋಟ (ಕಲಬುರಗಿ)
ನಳದ ನೀರು ನಮ್ಮ ಓಣಿಗೆ ನಾಲ್ಕೈದು ದಿನಕ್ಕೊಮ್ಮೆ. ಬಂದ ದಿನ ಪೈಪ್ ಹಚ್ಚಿ ಮಡಿ ತುಂಬ ಬಿಡುತ್ತೇನೆ. ನಡುವೆ ಕಾಯಿಪಲ್ಯ ತೊಳೆದ ನೀರು ಒಂದೆರಡು ಕೊಡ. ಬೋರಿನ ನೀರು ಸವಳು, ಬಕೆಟ್ಟಿಗೆ ಬಿಳಿ ಪದರ ಕಟ್ಟುತ್ತದೆ. ಅದನ್ನು ಗಿಡಕ್ಕೆ ಹಾಕೋದಿಲ್ಲ.

ಎರೆಹೊಲ (ಜೇವರ್ಗಿ)
ಸಿಕ್ಕಿತು ನೋಡಿ ಅಕ್ಕಾ. ನಿಮ್ಮ ಕಾಯಿ ಕೊಳೆಯುತ್ತಿರೋದು ನೀರಿನ ಏರುಪೇರಿಗೆ.

ಕ್ಯಾಲ್ಸಿಯಂ ನೀರಿನ ಜೊತೆಗೇ ಏರಬೇಕು, ಅದಕ್ಕೆ ಬೇರೆ ದಾರಿ ಇಲ್ಲ. ಬಿಸಿಲಿಗೆ ಎಲೆಯಿಂದ ನೀರು ಆರುತ್ತಾ ಇರುತ್ತದೆ, ಹಾಗಾಗಿ ಬೇರಿನಿಂದ ಬಂದದ್ದನ್ನೆಲ್ಲ ಎಲೆಯೇ ಎಳೆದುಕೊಳ್ಳುತ್ತದೆ. ಕಾಯಿಯಿಂದ ನೀರು ಆರೋದು ಕಮ್ಮಿ, ಅದರ ಪಾಲಿಗೆ ಬರೋದೂ ಕಮ್ಮಿ. ಮಣ್ಣು ಎರಡು ದಿನ ಒಣಗಿತೆಂದರೆ ಆ ಸ್ವಲ್ಪವೂ ನಿಲ್ಲುತ್ತದೆ. ಎಲ್ಲಕ್ಕಿಂತ ದೂರ ಇರೋದು ಕಾಯಿಯ ತುದಿ, ಮೊದಲು ಸಾಯೋದೂ ಅದೇ. ಐದನೇ ದಿನ ನೀವು ಮಡಿ ತುಂಬಿಸುತ್ತೀರಿ. ಎರೆ ಮಣ್ಣು ಉಬ್ಬಿಕೊಂಡು ಗಾಳಿ ಆಡದೆ ಬೇರಿಗೆ ಉಸಿರು ಕಟ್ಟುತ್ತದೆ. ಆಗಲೂ ಬೇರು ನೀರು ಎಳೆಯೋದಿಲ್ಲ. ಹಣ್ಣು ಬಿರಿಯೋದಕ್ಕೂ ಇದೇ ಕಾರಣ. ಒಣಗಿದ್ದ ಗಿಡಕ್ಕೆ ಒಮ್ಮೆಲೇ ನೀರು ಸಿಕ್ಕರೆ ಒಳಗಿನ ತಿರುಳು ಉಬ್ಬುತ್ತದೆ, ಸಿಪ್ಪೆ ಅಷ್ಟು ಹಿಗ್ಗೋದಿಲ್ಲ.

ತೋಟಗಾರಿಕೆ_ಹುಡುಗಿ (ಬೀದರ್)
ಎರೆಹೊಲ ಅವರು ಹೇಳಿದ್ದು ಪೂರ್ತಿ ಸರಿ. ಮೊಗ್ಗು ಅವರೇ, ಸುಣ್ಣದ ವಿಷಯ ಸ್ವಲ್ಪ ನಿಧಾನವಾಗಿ ನೋಡೋಣ. ನಾನು ಬೀದರಿನಲ್ಲಿ ತೋಟಗಾರಿಕೆ ಓದುತ್ತಿದ್ದೇನೆ, ಅದಕ್ಕೇ ಕೈ ಸುಮ್ನೆ ಇರಲಿಲ್ಲ.

ಕಲಬುರಗಿಯ ಎರೆ ಮಣ್ಣಿಗೆ ಸುಣ್ಣದ ಕೊರತೆ ಇಲ್ಲ. ಒಂದೆರಡು ಅಡಿ ಅಗೆದರೆ ಎಷ್ಟೋ ಕಡೆ ಬಿಳಿ ಸುಣ್ಣದ ಹರಳೇ ಸಿಗುತ್ತವೆ. ಆ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಮೇಲಿದ್ದರೆ ಕ್ಷಾರ) ಸಾಮಾನ್ಯವಾಗಿ 8ರ ಆಸುಪಾಸು ಇಲ್ಲವೇ ಅದಕ್ಕೂ ಮೇಲೆ. ಅದಕ್ಕೆ ಮತ್ತೆ ಸುಣ್ಣ, ಬೂದಿ ಹಾಕಿದರೆ ಇನ್ನೂ ಏರುತ್ತದೆ. ಕಬ್ಬಿಣ, ಸತು ಮಣ್ಣಿನಲ್ಲಿದ್ದರೂ ಗಿಡಕ್ಕೆ ಸಿಗೋದಿಲ್ಲ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿದೆಯಾ ನೋಡಿ, ಅದೇ ಗುರುತು. ಬೂದಿ ಇವತ್ತೇ ನಿಲ್ಲಿಸಿ ಅಕ್ಕಾ. ಮೊಟ್ಟೆ ಸಿಪ್ಪೆ ಕೆಡುಕೇನೂ ಮಾಡೋದಿಲ್ಲ, ಆದರೆ ನಿಮ್ಮ ಮಣ್ಣಿನಲ್ಲಿ ಅದು ಕರಗೋದೇ ಇಲ್ಲ ಅನ್ನಬೇಕು.

ನಂಬಿಕೆ ಬರದಿದ್ದರೆ ಒಂದು ಮುಷ್ಟಿ ಒಣ ಮಣ್ಣಿಗೆ ನಿಂಬೆರಸ ಹಿಂಡಿ ನೋಡಿ. ನೊರೆ ಬಂದರೆ ಸುಣ್ಣ ಇದೆ ಅಂತ.

ಅಮ್ಮನ_ಅಂಗಳ (ಹುಮನಾಬಾದ್)
ನಾನು ಹತ್ತು ವರ್ಷದಿಂದ ಮೊಟ್ಟೆ ಸಿಪ್ಪೆ ಹಾಕುತ್ತಿದ್ದೇನೆ. ಒಂದು ಕಾಯಿ ಕೊಳೆತಿಲ್ಲ. ಪುಸ್ತಕ ಓದಿ ಹೇಳೋದು ಬೇರೆ, ಮಾಡಿ ನೋಡೋದು ಬೇರೆ.

ತೋಟಗಾರಿಕೆ_ಹುಡುಗಿ (ಬೀದರ್)
ಅಮ್ಮಾ, ನಿಮ್ಮ ಅನುಭವ ಸುಳ್ಳು ಅಂತ ನಾನು ಹೇಳೋದಿಲ್ಲ. ನಿಮ್ಮದು ಕೆಂಪು ಮಣ್ಣಲ್ವಾ? ಹುಳಿ ಗುಣದ ಕೆಂಪು ಮಣ್ಣಿನಲ್ಲಿ ಸಿಪ್ಪೆ ನಿಧಾನವಾಗಿಯಾದರೂ ಕರಗುತ್ತದೆ. ಅಂಥ ಮಣ್ಣಿಗೆ ಪರೀಕ್ಷೆ ಮಾಡಿಸಿ ಸುಣ್ಣ ಹಾಕೋದೂ ಉಂಟು. ಒಂದು ಕೇಳಲಾ, ನೀರು ಎಷ್ಟು ದಿನಕ್ಕೊಮ್ಮೆ ಹಾಕುತ್ತೀರಿ?

ಅಮ್ಮನ_ಅಂಗಳ (ಹುಮನಾಬಾದ್)
ದಿನಾ ಬೆಳಿಗ್ಗೆ, ಗಿಡಕ್ಕೆ ಒಂದು ತಂಬಿಗೆ. ಬಾವಿ ನೀರು. ಒಂದು ದಿನವೂ ತಪ್ಪಿಸಿಲ್ಲ.

ಎರೆಹೊಲ (ಜೇವರ್ಗಿ)
ಅಮ್ಮಾ, ಹಾಗಾದರೆ ನಿಮ್ಮ ಕಾಯಿ ಕಾಪಾಡಿದ್ದು ಆ ತಂಬಿಗೆ ನೀರು.

ಅಮ್ಮನ_ಅಂಗಳ (ಹುಮನಾಬಾದ್)
ಇರಬಹುದಪ್ಪಾ. ಸಿಪ್ಪೆ ಮಾತ್ರ ನಾನು ಬಿಡೋದಿಲ್ಲ.

ಹಿತ್ತಲತೋಟ (ಕಲಬುರಗಿ)
ನಿಂಬೆರಸ ಹಿಂಡಿದೆ. ಮಣ್ಣಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು. ಅದರಲ್ಲಿದ್ದ ಒಂದು ಬಿಳಿ ಹರಳಿನ ಮೇಲೆ ಹಾಕಿದರೆ ಸುಯ್ ಅಂತ ನೊರೆ ಬಂತು. ಕಾಕಾ ಪಕ್ಕದಲ್ಲೇ ನಿಂತು ನೋಡಿದರು.

ಮಣ್ಣಿನೊಳಗೂ ಕೈ ಹಾಕಿ ನೋಡಿದೆ. ನೀರು ಬಿಟ್ಟು ಇವತ್ತಿಗೆ ನಾಲ್ಕನೇ ದಿನ. ಮೇಲೆ ಬೆರಳು ಹೋಗುವಷ್ಟು ಬಿರುಕು. ಬಿರುಕಿನೊಳಗೆ ಇಣುಕಿದರೆ ಬಿಳಿ ಬೇರಿನ ಎಳೆಗಳು ಹರಿದು ನೇತಾಡುತ್ತಿವೆ. ನೋಡಿ ಹೊಟ್ಟೆಯಲ್ಲಿ ಸಂಕಟ ಆಯಿತು. ಎಲೆ ಮೇಲೆ ಹಸಿರು ಇದೆ ಅಂತ ನಾನು ಸುಮ್ಮನಿದ್ದೆ, ಕೆಳಗೆ ಇಷ್ಟೆಲ್ಲ ಆಗಿದೆ.

ಆದರೆ ನನಗೆ ದಿನಾ ನೀರು ಎಲ್ಲಿಂದ ಬರಬೇಕು?

ಶಹಾಬಾದ್_ಅಜ್ಜಿ
ಗಡಿಗೆ ಹೂಳಿಸು ಮಗಳೇ. ಬೇಸಿಗೆ ಅಂತ ಈಗ ಮಾರ್ಕೆಟ್ಟಿಗೆ ಗಡಿಗೆ ಬಂದಿರುತ್ತವೆ. ಐದಾರು ಲೀಟರಿನದ್ದು ತಗೋ. ಬಣ್ಣ ಹಚ್ಚಿದ್ದು ಬೇಡ, ನೀರು ಜಿನುಗೋದಿಲ್ಲ. ನಾಲ್ಕು ಗಿಡದ ನಡುವೆ ಒಂದು, ಕಂಠದ ತನಕ ಹೂಳಬೇಕು. ಬೇರು ಕಡಿಯದ ಹಾಗೆ ಗಿಡದಿಂದ ಒಂದು ಗೇಣಿನ ಮೇಲೆ ಜಾಗ ಬಿಟ್ಟು ಅಗೆ. ನೀರು ತುಂಬಿಸಿ ಬಾಯಿಗೆ ಹೆಂಚಿನ ಚೂರು ಮುಚ್ಚು, ಇಲ್ಲದಿದ್ದರೆ ಸೊಳ್ಳೆ ಆಗುತ್ತವೆ. ಮಣ್ಣು ಒಣಗಿದಷ್ಟು ಗಡಿಗೆ ತಾನೇ ನೀರು ಕೊಡುತ್ತದೆ. ನನ್ನ ಅತ್ತೆ ಹೀಗೇ ಹಿತ್ತಲಲ್ಲಿ ಹೀರೆ, ಸೌತೆ ಬೆಳೆಸುತ್ತಿದ್ದರು.

ನಳ ಬಂದ ದಿನ ನೀರು ಮಡಿಗೆ ಬಿಡಬೇಡ. ಡ್ರಮ್ಮಿಗೆ ತುಂಬಿಸಿಟ್ಟುಕೋ, ಎರಡು ದಿನಕ್ಕೊಮ್ಮೆ ಗಡಿಗೆಗೆ ಹಾಕು.

ಮೊಗ್ಗು
ಅಜ್ಜೀ, ಇದು ಎಷ್ಟು ಚೆನ್ನಾಗಿದೆ! ಕುಂಡದ ಗಿಡಕ್ಕೂ ಆಗುತ್ತಾ?

ಶಹಾಬಾದ್_ಅಜ್ಜಿ
ದೊಡ್ಡ ಕುಂಡ ಇದ್ದರೆ ಸಣ್ಣ ಕುಡಿಕೆ ಹೂಳಬಹುದು. ಸವಳು ನೀರು ಹಾಕಿದರೆ ಗಡಿಗೆಯ ರಂಧ್ರ ಮುಚ್ಚಿಹೋಗುತ್ತವೆ. ಬೆಳೆ ಮುಗಿದ ಮೇಲೆ ತೆಗೆದು ತೆಂಗಿನ ನಾರಿನಿಂದ ತಿಕ್ಕಿ ಬಿಸಿಲಿಗೆ ಇಡಬೇಕು.

ಎರೆಹೊಲ (ಜೇವರ್ಗಿ)
ಗಡಿಗೆ ಜೊತೆಗೆ ಹೊದಿಕೆ ಬೇಕೇ ಬೇಕು ಅಕ್ಕಾ. ಈಗ ತೊಗರಿ ರಾಶಿ ಮುಗಿದಿದೆ, ಹೊಟ್ಟು ಎಲ್ಲಿ ಕೇಳಿದರೂ ಸಿಗುತ್ತದೆ. ಜೋಳದ ಕಣಿಕೆ, ಕಬ್ಬಿನ ರವದಿ ಯಾವುದಾದರೂ ನಡೆಯುತ್ತದೆ. ನಾಲ್ಕು ಬೆರಳು ದಪ್ಪ ಹರಡಿ. ಕಾಂಡಕ್ಕೆ ತಾಗಬಾರದು. ಮಣ್ಣು ಬಿರಿಯೋದು ನಿಲ್ಲುತ್ತದೆ, ಬೇರು ತಂಪಾಗಿರುತ್ತದೆ. ಇನ್ನೊಂದು ಲಾಭ ಇದೆ, ನೀರು ಹಾಕುವಾಗ ಮಣ್ಣು ಸಿಡಿದು ಕೆಳಗಿನ ಎಲೆಗೆ ಹತ್ತೋದಿಲ್ಲ. ಎಲೆ ಮೇಲೆ ಬಿಲ್ಲೆಯೊಳಗೆ ಬಿಲ್ಲೆ ಇದ್ದ ಹಾಗೆ ಕಂದು ಚುಕ್ಕೆ ಬರುತ್ತದಲ್ಲ, ಆ ಅಂಗಮಾರಿ ಶುರುವಾಗೋದೇ ಕೆಳಗಿನ ಎಲೆಯಿಂದ. ನೆಲಕ್ಕೆ ತಾಗುವ ಎಲೆ ಕಿತ್ತು ಹಾಕಿ. ಆಳಂದದ ಅಣ್ಣನ ಬೋರ್ಡೊ ಕೆಲಸಕ್ಕೆ ಬರೋದು ಆ ರೋಗಕ್ಕೆ.

ಕಾಳಗಿ_ತಮ್ಮ
ಹೊಟ್ಟು ಹಾಕಿದರೆ ಗೆದ್ದಲು ಬರುತ್ತವಲ್ಲ?

ಎರೆಹೊಲ (ಜೇವರ್ಗಿ)
ಗೆದ್ದಲಿಗೆ ಒಣಗಿದ್ದು ಬೇಕು. ಹೊದಿಕೆ ಕೆಳಗೆ ಹಸಿ ಇದ್ದರೆ ಗಿಡದ ತಂಟೆಗೆ ಬರೋದು ಕಮ್ಮಿ. ಅನುಮಾನ ಇದ್ದರೆ ಬುಡಕ್ಕೆ ಒಂದು ಮುಷ್ಟಿ ಬೇವಿನ ಹಿಂಡಿ. ಅರೆ ಕೊಳೆತ ಸಗಣಿ ಹಾಕೋದೇ ಗೆದ್ದಲಿಗೆ ದೊಡ್ಡ ಆಹ್ವಾನ ತಮ್ಮಾ.

ಸುರಪುರ_ಕಾಲುವೆ (ಯಾದಗಿರಿ)
ನೀವೆಲ್ಲ ನೀರಿಲ್ಲ ಅನ್ನುತ್ತೀರಿ, ನಮ್ಮದು ಉಲ್ಟಾ. ನಾರಾಯಣಪುರ ಎಡದಂಡೆ ಕಾಲುವೆ ಕೆಳಗೆ ನಮ್ಮ ಹೊಲ. ಸುತ್ತ ಭತ್ತ, ನೆಲ ಯಾವಾಗಲೂ ಹಸಿ. ಮೊದಲ ವರ್ಷ ಮನೆ ಹಿಂದೆ ಸಪಾಟು ನೆಲದಲ್ಲೇ ಟೊಮೆಟೊ ಹಾಕಿದೆ. ಮಳೆಗಾಲದಲ್ಲಿ ಎರಡು ದಿನ ನೀರು ನಿಂತದ್ದಕ್ಕೆ ಗಿಡ ಎಲ್ಲ ಹಳದಿ ಆಗಿ ಹೋದವು. ಈಗ ಮೊಣಕಾಲಿಗಿಂತ ಸ್ವಲ್ಪ ಕಮ್ಮಿ ಎತ್ತರದ ಏರುಮಡಿ ಮಾಡಿದ್ದೇನೆ, ಬದಿಗೆ ನೀರು ಹರಿಯಲು ಕಾಲುವೆ. ಭತ್ತದ ಹುಲ್ಲು ಹೊದಿಸುತ್ತೇನೆ. ಎರೆ ಮಣ್ಣಿನವರು ಮಳೆಗಾಲದಲ್ಲಿ ಟೊಮೆಟೊ ಹಾಕೋದಾದರೆ ಏರುಮಡಿ ಇಲ್ಲದೆ ಹಾಕಲೇಬೇಡಿ.

ನೌಬಾದ್_ನೆಲ (ಬೀದರ್)
ನಮ್ಮ ಕೆಂಪು ಮಣ್ಣಿನ ಗೋಳೇ ಬೇರೆ. ಮಧ್ಯಾಹ್ನ ಚೆನ್ನಾಗಿದ್ದ ಗಿಡ ಸಂಜೆಗೆ ಜೋತುಬೀಳುತ್ತದೆ. ಎಲೆ ಹಳದಿಯೂ ಆಗೋದಿಲ್ಲ, ಹಸಿರಿದ್ದ ಹಾಗೇ ಬಾಡುತ್ತದೆ. ನೀರು ಕಮ್ಮಿ ಅಂದುಕೊಂಡು ಇನ್ನೂ ಸುರಿಯುತ್ತಿದ್ದೆ. ಆಮೇಲೆ ಒಬ್ಬರು ಗಾಜಿನ ಲೋಟದ ಪರೀಕ್ಷೆ ತೋರಿಸಿದರು. ಬುಡದ ಹತ್ತಿರ ಕಾಂಡ ಕತ್ತರಿಸಿ, ಆ ತುಂಡನ್ನು ತಿಳಿ ನೀರಿನ ಲೋಟದಲ್ಲಿ ತುದಿ ಮಾತ್ರ ಮುಳುಗುವ ಹಾಗೆ ಹಿಡಿದೆ. ಅಲುಗಿಸಬಾರದು. ಐದು ನಿಮಿಷದೊಳಗೆ ಕತ್ತರಿಸಿದ ಜಾಗದಿಂದ ಹಾಲಿನಂಥ ಎಳೆ ಸಣ್ಣಗೆ ಕೆಳಗೆ ಇಳಿಯತೊಡಗಿತು. ಅದು ಬ್ಯಾಕ್ಟೀರಿಯಾ ಸೊರಗು ರೋಗ. ಮಣ್ಣಿನಲ್ಲೇ ಇರುತ್ತದೆ, ಹೊಡೆಯೋದಕ್ಕೆ ಔಷಧಿ ಇಲ್ಲ.

ತೋಟಗಾರಿಕೆ_ಹುಡುಗಿ (ಬೀದರ್)
ಗಿಡ ಬೇರು ಸಮೇತ ಕಿತ್ತು ಸುಟ್ಟುಬಿಡಿ ಅಣ್ಣಾ. ಆ ಜಾಗದಲ್ಲಿ ಕನಿಷ್ಠ ಎರಡು ಮೂರು ವರ್ಷ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಯಾವುದೂ ಬೇಡ. ಎಲ್ಲ ಒಂದೇ ಕುಟುಂಬ. ಜೋಳ, ಮೆಕ್ಕೆಜೋಳ ಹಾಕಿ. ಸೊರಗು ತಡೆಯುವ ಬದನೆ ಗಿಡದ ಬೇರಿಗೆ ಟೊಮೆಟೊ ಕಸಿ ಕಟ್ಟಿದ ಸಸಿಯೂ ಬಂದಿದೆ. ಅದು ನೀರು ನಿಲ್ಲುವುದನ್ನೂ ಸ್ವಲ್ಪ ತಡೆಯುತ್ತದೆ, ಸುರಪುರದವರಿಗೂ ಆಗಬಹುದು.

ಮೊಗ್ಗು
ನೌಬಾದ್ ಅಂದರೆ ಸುರಂಗ ಬಾವಿ ಇರುವ ಊರಲ್ವಾ?

ನೌಬಾದ್_ನೆಲ (ಬೀದರ್)
ಹೌದು. ಬಹಮನಿ ಕಾಲದ್ದು. ಜಂಬಿಟ್ಟಿಗೆ ಕಲ್ಲು ಕೊರೆದು ನೆಲದಡಿಯಲ್ಲಿ ನೀರು ಹರಿಸಿದ್ದಾರೆ, ಮೇಲಿನಿಂದ ಅಲ್ಲಲ್ಲಿ ಬಾವಿಯ ಹಾಗೆ ಕಿಂಡಿ. ಬಿಸಿಲಿಗೆ ನೀರು ಆರದ ಹಾಗೆ ನೆಲದೊಳಗೇ ಸಾಗಿಸಿದ್ದಾರೆ. ಅಜ್ಜಿಯ ಗಡಿಗೆ ಕೂಡ ಅದನ್ನೇ ಮಾಡುತ್ತದೆ ನೋಡಿ. ಬಂದಾಗ ಹೇಳಿ, ತೋರಿಸುತ್ತೇನೆ.

ಕಾಳಗಿ_ತಮ್ಮ
ಟೊಮೆಟೊಗೆ ಬನ್ನಿ. ಅಕ್ಕನ ಮುರುಟೆಲೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಅಫಜಲಪುರ_ಹಸಿರು
ಮುರುಟೆಲೆ ಅಂದರೆ ವೈರಸ್. ಹರಡೋದು ಬಿಳಿ ನೊಣ. ಗಿಡ ಮೆಲ್ಲಗೆ ಅಲುಗಿಸಿ ನೋಡಿ, ಒಲೆ ಊದಿದಾಗ ಬೂದಿ ಹಾರುವ ಹಾಗೆ ಮೇಲೇಳುತ್ತವೆ. ಆ ಐದೂ ಗಿಡ ಕಿತ್ತು ಹಾಕಿ. ಒಂದು ಸಲ ವೈರಸ್ ಹೊಕ್ಕರೆ ಗುಣ ಆಗೋದಿಲ್ಲ.

ಹಿತ್ತಲತೋಟ (ಕಲಬುರಗಿ)
ಕೀಳೋದಾ? ಎರಡು ಗಿಡದಲ್ಲಿ ಇನ್ನೂ ಕಾಯಿ ಇದೆ ಅಣ್ಣಾ. ಬೀಜದಿಂದ ಬೆಳೆಸಿದ್ದೇನೆ. ತುದಿ ಕತ್ತರಿಸಿದರೆ ಹೊಸ ಚಿಗುರು ಚೆನ್ನಾಗಿ ಬರೋದಿಲ್ವಾ?

ಅಫಜಲಪುರ_ಹಸಿರು
ಬರೋದಿಲ್ಲ ಅಕ್ಕಾ. ವೈರಸ್ ಗಿಡದ ತುಂಬ ಇರುತ್ತದೆ. ಹೊಸ ಚಿಗುರೂ ಮುರುಟಿಯೇ ಬರುತ್ತದೆ.

ತೋಟಗಾರಿಕೆ_ಹುಡುಗಿ (ಬೀದರ್)
ಕೀಳುವ ಮೊದಲು ಒಂದು ನಿಮಿಷ. ಮುರುಟಿದ್ದೆಲ್ಲ ವೈರಸ್ ಅಲ್ಲ. ಬಿಸಿಲಿಗೆ, ನೀರಿನ ಏರುಪೇರಿಗೆ ಕೂಡ ಟೊಮೆಟೊ ಎಲೆ ದೋಣಿಯ ಹಾಗೆ ಮೇಲಕ್ಕೆ ಮಡಚಿಕೊಳ್ಳುತ್ತದೆ. ಅದು ಹೆಚ್ಚಾಗಿ ಕೆಳಗಿನ ದೊಡ್ಡ ಎಲೆಯಲ್ಲಿ ಶುರು. ಎಲೆ ದಪ್ಪಗೆ, ಬಣ್ಣ ಹಸಿರೇ, ಅಳತೆಯೂ ಕಮ್ಮಿ ಆಗಿರೋದಿಲ್ಲ. ವೈರಸ್ಸಿನದ್ದು ಚಿಗುರಿನಲ್ಲಿ. ಎಲೆ ಸಣ್ಣ, ಅಂಚು ಹಳದಿ, ಗಿಣ್ಣು ಹತ್ತಿರ ಹತ್ತಿರ ಆಗಿ ಗಿಡ ಗಿಡ್ಡಗೆ ಪೊದೆಯ ಹಾಗೆ ಕಾಣುತ್ತದೆ. ಐದೂ ಗಿಡ ಈ ಕಣ್ಣಿನಿಂದ ಒಮ್ಮೆ ನೋಡಿ.

ಹಿತ್ತಲತೋಟ (ಕಲಬುರಗಿ)
ನೋಡಿ ಬಂದೆ. ಎರಡು ಗಿಡದ್ದು ದೋಣಿ ಎಲೆ, ದಪ್ಪಗೆ ಹಸಿರು. ಉಳಿದ ಮೂರರದ್ದು ಚಿಗುರಲ್ಲೇ ಸಣ್ಣ, ಹಳದಿ ಅಂಚು. ಅಲುಗಿಸಿದಾಗ ಬಿಳಿ ನೊಣ ಎದ್ದವು.

ಅಫಜಲಪುರ_ಹಸಿರು
ಹಾಗಾದರೆ ಮೂರು ಹೋದರೆ 21 ಉಳಿಯುತ್ತವೆ ಅಕ್ಕಾ. ಕೀಳುವಾಗ ಬೆಳಗಿನ ತಂಪಿನಲ್ಲಿ ಗಿಡದ ಮೇಲೆ ದೊಡ್ಡ ಪ್ಲಾಸ್ಟಿಕ್ ಚೀಲ ಮೆಲ್ಲಗೆ ಇಳಿಸಿ, ಬಾಯಿ ಕಟ್ಟಿ, ಆಮೇಲೆ ಬೇರು ಎಳೆಯಿರಿ. ಹಾಗೇ ಕಿತ್ತರೆ ನೊಣ ಎಲ್ಲ ಪಕ್ಕದ ಗಿಡಕ್ಕೆ ಹಾರುತ್ತವೆ. ಚೀಲ ಒಂದು ದಿನ ಬಿಸಿಲಲ್ಲಿಡಿ.

ಉಳಿದವಕ್ಕೆ ಹಳದಿ ಡಬ್ಬಿಗೆ ಹರಳೆಣ್ಣೆ ಸವರಿ ಗಿಡದ ಎತ್ತರಕ್ಕೆ ಕಟ್ಟಿ. ಬೇವಿನ ಎಣ್ಣೆ ಲೀಟರಿಗೆ 5 ಮಿ.ಲೀ., ಮೊದಲು ಸ್ವಲ್ಪ ಸೋಪಿನ ನೀರಲ್ಲಿ ಬೆರೆಸಿ ಹಾಲಿನ ಹಾಗೆ ಆದ ಮೇಲೆ ಉಳಿದ ನೀರು. ಎಲೆಯ ಅಡಿಗೆ ಬೀಳಬೇಕು, ನೊಣ ಕೂರೋದು ಅಲ್ಲೇ. ಸಂಜೆ ಮಾತ್ರ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಶಹಾಪುರ_ಮಾವ
ಇಷ್ಟೆಲ್ಲ ಯಾಕೆ? ಅಂಗಡಿಯಲ್ಲಿ ಬಿಳಿ ನೊಣದ ಔಷಧಿ ಸಿಗುತ್ತದೆ. ಒಂದು ಸಲ ಹೊಡೆದರೆ ಮುಗಿಯಿತು.

ಅಮ್ಮನ_ಅಂಗಳ (ಹುಮನಾಬಾದ್)
ಮಕ್ಕಳು ಗಿಡದಿಂದ ಕಿತ್ತು ತಿನ್ನುತ್ತಾರೆ ಅಂತ ಮೊದಲೇ ಬರೆದಿದ್ದಾಳೆ. ಓದಿಲ್ವಾ?

ಶಹಾಪುರ_ಮಾವ
ಓದಿದ್ದೇನೆ ತಂಗಿ. ಇಷ್ಟು ದಿನ ಬಿಟ್ಟು ಕೀಳಬೇಕು ಅಂತ ಡಬ್ಬಿ ಮೇಲೆ ಬರೆದಿರುತ್ತದೆ, ಹಾಗೆ ಮಾಡಿದರೆ ತೊಂದರೆ ಇಲ್ಲ. ನಾನು ಎರಡು ಎಕರೆ ಮಾಡುವವನು. ಬೆಳೆ ಹೋದರೆ ಸಾಲ ತೀರಿಸೋದು ಯಾರು?

ಅಫಜಲಪುರ_ಹಸಿರು
ಮಾವಾ, ಎರಡು ಎಕರೆ ಲೆಕ್ಕ ಬೇರೆ, ನಿಮ್ಮ ಕಷ್ಟ ನನಗೆ ಗೊತ್ತು. 24 ಗಿಡಕ್ಕೆ ಕೈ, ಕಣ್ಣು ಸಾಕು. ಇನ್ನೊಂದು ವಿಷಯ, ಹೊಡೆದ ಮೇಲೂ ಆ ಮೂರು ಗಿಡ ಗುಣ ಆಗೋದಿಲ್ಲ. ಜೇಡ, ಗುಲಗಂಜಿ ಹುಳ ಕೂಡ ಸಾಯುತ್ತವೆ, ಮುಂದಿನ ತಿಂಗಳು ನೊಣ ಇನ್ನೂ ಜಾಸ್ತಿ ಬರುತ್ತವೆ.

ಕಾಳಗಿ_ತಮ್ಮ
ತಂಬಾಕು ಕಷಾಯ ಹೊಡೆಯಬಹುದಾ? ನಮ್ಮಲ್ಲಿ ಮಾಡುತ್ತಾರೆ.

ತೋಟಗಾರಿಕೆ_ಹುಡುಗಿ (ಬೀದರ್)
ಬೇಡ. ಅದರ ನಿಕೋಟಿನ್ ಮನುಷ್ಯರಿಗೂ ವಿಷವೇ. ತಂಬಾಕಿನಿಂದ ಟೊಮೆಟೊಗೆ ಬರುವ ಇನ್ನೊಂದು ವೈರಸ್ ಇದೆ, ಅದು ಕೈಯಿಂದಲೇ ಅಂಟುತ್ತದೆ. ತಂಬಾಕು ತಿಕ್ಕಿದ ಕೈ ಸೋಪಿನಿಂದ ತೊಳೆಯದೆ ಗಿಡ ಮುಟ್ಟಬಾರದು.

ತೊಗರಿ_ಕಣಜ (ಚಿತ್ತಾಪುರ)
ಅಕ್ಕನ ಪಟ್ಟಿಯಲ್ಲಿ ಇನ್ನೂ ಬಂದಿಲ್ಲ, ಆದರೆ ಬರುವ ಮೊದಲು ಹೇಳುತ್ತೇನೆ. ಕಾಯಿಕೊರಕ. ನಮ್ಮ ತೊಗರಿ ಕಾಯಿ ತಿನ್ನುವ ಹಸಿರು ಹುಳವೇ ಟೊಮೆಟೊ ತಿನ್ನೋದು, ಬೇರೆ ಅಲ್ಲ. ತೊಗರಿ ರಾಶಿ ಆಯಿತು, ಕಡಲೆಯೂ ಮುಗಿಯುತ್ತಾ ಬಂತು. ಆ ಪತಂಗಕ್ಕೆ ಮುಂದೆ ಹಸಿರು ಕಾಣೋದು ಇಂಥ ಹಿತ್ತಲೇ. ನಮ್ಮ ಜಿಲ್ಲೆಯಲ್ಲಿ ಟೊಮೆಟೊ ಬೆಳೆಯುವವರು ತೊಗರಿಯ ಕಡೆ ಒಂದು ಕಣ್ಣು ಇಟ್ಟಿರಬೇಕು.

ಗುರುತು ಸುಲಭ. ದುಂಡು ತೂತು, ಹುಳದ ತಲೆ ಕಾಯಿಯೊಳಗೆ, ಅರ್ಧ ಮೈ ಹೊರಗೆ. ಹಿಡಿದು ಎಳೆದರೆ ಬರುತ್ತದೆ. ಬೆಳಿಗ್ಗೆ ಹಾಗೆ ಐದು ನಿಮಿಷ ನೋಡಿದರೆ 20 ಗಿಡಕ್ಕೆ ಬೇರೇನೂ ಬೇಡ. ತೊಗರಿಯಲ್ಲಿ ನಾವು ಸಾಲಿನ ನಡುವೆ ತಾಡಪತ್ರಿ ಹಾಸಿ ಗಿಡ ಜಾಡಿಸುತ್ತೇವೆ, ಹುಳ ಪಟಪಟ ಉದುರುತ್ತವೆ. ಟೊಮೆಟೊ ಜಾಡಿಸಬೇಡಿ, ಕಾಯಿಯೂ ಉದುರುತ್ತದೆ!

ಮುಂದಿನ ಸಲ ಚೆಂಡುಹೂವು ಮೊದಲೇ ಹಾಕಿರಿ. ಟೊಮೆಟೊ ಸಸಿ 25 ದಿನದ್ದು ಇದ್ದರೆ ಚೆಂಡುಹೂವಿನ ಸಸಿ 45 ದಿನದ್ದು ಇರಬೇಕು, ಎರಡೂ ಒಟ್ಟಿಗೆ ಹೂ ಬಿಡಬೇಕು. ಪತಂಗ ಚೆಂಡುಹೂವಿಗೆ ಮೊಟ್ಟೆ ಇಡುತ್ತದೆ. ಹೊಲದಲ್ಲಿ 16 ಸಾಲಿಗೆ ಒಂದು ಸಾಲು ಅನ್ನುತ್ತಾರೆ, ಹಿತ್ತಲಿಗೆ ನಾಲ್ಕು ಮೂಲೆಗೆ ನಾಲ್ಕು ಸಾಕು.

ಆಳಂದ_ರೈತ
ಬೇವಿನ ಬೀಜದ ಕಷಾಯ ಮರೆತಿರಿ. ಬೀಜದ ತಿರುಳು 50 ಗ್ರಾಂ ಕುಟ್ಟಿ ರಾತ್ರಿ ಒಂದು ಲೀಟರ್ ನೀರಲ್ಲಿ ನೆನೆಹಾಕಿ, ಮರುದಿನ ಸೋಸಿ, ಚೂರು ಸೋಪು ಹಾಕಿ ಸಂಜೆ ಸಿಂಪಡಿಸಿ. ಹುಳ ಸಣ್ಣದಿದ್ದಾಗ ಕೆಲಸ ಮಾಡುತ್ತದೆ, ಕಾಯಿಯೊಳಗೆ ಹೊಕ್ಕ ಮೇಲೆ ಇಲ್ಲ. ಮೊದಲ ಉತ್ತರದಲ್ಲಿ ಅವಸರ ಮಾಡಿದೆ, ಕ್ಷಮಿಸಿ ಅಕ್ಕಾ.

ಮೊಗ್ಗು
ನನ್ನ ಗಿಡದ ಎಲೆ ಮೇಲೆ ಬಿಳಿ ರಂಗೋಲಿ ಬಿಡಿಸಿದ ಹಾಗೆ ಗೆರೆ ಇದೆ. ಇದು ಯಾವುದು?

ತೊಗರಿ_ಕಣಜ (ಚಿತ್ತಾಪುರ)
ರಂಗೋಲಿ ಹುಳ. ಆ ಎಲೆ ಕಿತ್ತು ಸುಡಿ, ದೊಡ್ಡ ಹಾನಿ ಇಲ್ಲ. ಗೆರೆ ಬದಲು ಅಗಲ ಬಿಳಿ ಮಚ್ಚೆ ಇದ್ದು, ಕಾಯಿ ತೊಟ್ಟಿನ ಹತ್ತಿರ ಸೂಜಿ ಚುಚ್ಚಿದಂಥ ತೂತು ಇದ್ದರೆ ಮಾತ್ರ ಎಚ್ಚರ. ಅದು ಊಜಿ ಹುಳ, ಟೂಟಾ ಅಂತಲೂ ಕರೆಯುತ್ತಾರೆ. 2014ರಲ್ಲಿ ನಮ್ಮ ದೇಶದಲ್ಲಿ ಮೊದಲು ಕಾಣಿಸಿತು. ಅದಕ್ಕೆ ಮೋಹಕ ಬಲೆ, ಅಂದರೆ ಗಂಡು ಪತಂಗವನ್ನು ವಾಸನೆಯಿಂದ ಸೆಳೆದು ಹಿಡಿಯುವ ಬಲೆ ಕಟ್ಟಬೇಕು.

ಹಿತ್ತಲತೋಟ (ಕಲಬುರಗಿ)
ಹೂವು ಉದುರೋದಕ್ಕೆ ಏನು ಮಾಡಲಿ?

ಎರೆಹೊಲ (ಜೇವರ್ಗಿ)
ಇದಕ್ಕೆ ನಿಜ ಹೇಳಬೇಕು. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಇದ್ದರೆ ಟೊಮೆಟೊ ಹೂವಿನ ಪರಾಗ ಸಾಯುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 42 ಆಗೋದು ಮಾಮೂಲು. ಆಗ ಯಾವ ಟಾನಿಕ್ ಹಾಕಿದರೂ ಕಾಯಿ ಕಟ್ಟೋದು ಕಷ್ಟ. ಈಗಿನ್ನೂ ಒಂದು ತಿಂಗಳು ಅವಕಾಶ ಇದೆ. ಪಡುವಣ ಬಿಸಿಲು ತಡೆಯಲು ನೆರಳು ಬಲೆ, ಇಲ್ಲದಿದ್ದರೆ ಹಳೇ ಕಾಟನ್ ಸೀರೆ ಕಟ್ಟಿ. ಹಣ್ಣಿನ ಮೇಲೆ ಬಿಸಿಲು ಬಡಿದು ಬಿಳಿ ಮಚ್ಚೆ ಬೀಳೋದೂ ತಪ್ಪುತ್ತದೆ. ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಹೂವಿನ ಗೊಂಚಲಿನ ಹಿಂದೆ ಬೆರಳಿಂದ ಮೆಲ್ಲಗೆ ತಟ್ಟಿ, ಪರಾಗ ಉದುರಿ ಕಾಯಿ ಕಟ್ಟುತ್ತದೆ.

ಮುಂದಿನ ವರ್ಷ ನವೆಂಬರ್ ತನಕ ಕಾಯಬೇಡಿ ಅಕ್ಕಾ. ಆಗಸ್ಟ್ ಕೊನೆಗೆ ಬೀಜ ಹಾಕಿ, ಸೆಪ್ಟೆಂಬರ್ ಕೊನೆಗೆ ಸಸಿ ನೆಟ್ಟರೆ ಡಿಸೆಂಬರಿನಿಂದ ಫೆಬ್ರವರಿ ತನಕ ಚಳಿಯಲ್ಲೇ ಹಣ್ಣು ತಿನ್ನುತ್ತೀರಿ.

ಸುರಪುರ_ಕಾಲುವೆ (ಯಾದಗಿರಿ)
ಯಾವ ತಳಿ ಹಾಕಿದ್ದೀರಿ? ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಹಾಕಿ ನೋಡಿ. ಎಲೆ ಮುರುಟು, ಬ್ಯಾಕ್ಟೀರಿಯಾ ಸೊರಗು, ಅಂಗಮಾರಿ ಮೂರನ್ನೂ ತಡೆಯುತ್ತದೆ. ನೌಬಾದಿನ ಅಣ್ಣನಿಗೂ ಒಳ್ಳೆಯದು.

ಅಮ್ಮನ_ಅಂಗಳ (ಹುಮನಾಬಾದ್)
ಅದು ಹೈಬ್ರಿಡ್. ಸಾವಯವ ಅಂದಮೇಲೆ ಜವಾರಿ ಟಮಾಟಿ ಹಾಕಬೇಕು. ಆ ಹುಳಿ ಹೈಬ್ರಿಡ್ಡಿಗೆ ಎಲ್ಲಿಂದ ಬರಬೇಕು?

ತೋಟಗಾರಿಕೆ_ಹುಡುಗಿ (ಬೀದರ್)
ಹೈಬ್ರಿಡ್ ಅಂದರೆ ಕುಲಾಂತರಿ ಅಲ್ಲ ಅಮ್ಮಾ, ಎರಡು ತಳಿ ಕೂಡಿಸಿದ್ದು ಅಷ್ಟೇ. ಸಾವಯವದಲ್ಲೂ ಬೆಳೆಯಬಹುದು. ಆದರೆ ಅದರ ಬೀಜ ತೆಗೆದಿಟ್ಟರೆ ಮುಂದಿನ ವರ್ಷ ಅದೇ ಗುಣ ಬರೋದಿಲ್ಲ, ಅದು ನಿಜ. ರುಚಿಯ ವಿಷಯದಲ್ಲಿ ನಾನು ನಿಮ್ಮ ಕಡೆಗೇ. ಅರ್ಧ ಅದು, ಅರ್ಧ ಜವಾರಿ ಹಾಕಿದರೆ ಹೇಗೆ?

ಅಮ್ಮನ_ಅಂಗಳ (ಹುಮನಾಬಾದ್)
ಹಾಗಾದರೆ ಸರಿ. ಜವಾರಿ ಬೀಜ ನನ್ನ ಹತ್ತಿರ ಇದೆ. ಪೂರ್ತಿ ಹಣ್ಣಾದದ್ದನ್ನು ಹಿಂಡಿ, ರಸದ ಸಮೇತ ಎರಡು ದಿನ ಇಟ್ಟು, ಬುರುಗು ಬಂದ ಮೇಲೆ ತೊಳೆದು ನೆರಳಲ್ಲಿ ಒಣಗಿಸುತ್ತೇನೆ. ಯಾರಿಗೆ ಬೇಕೋ ಹೇಳಿ.

ಮೊಗ್ಗು
ನನಗೆ! 2023ರ ಜುಲೈಯಲ್ಲಿ ಕಿಲೋ ನೂರು ರೂಪಾಯಿ ದಾಟಿದ್ದು ನೆನಪಿದೆಯಾ? ಆಗಲೇ ಮನೆಯಲ್ಲಿ ಬೆಳೆಯಬೇಕು ಅಂತ ನಿರ್ಧಾರ ಮಾಡಿದ್ದು ನಾನು.

ಶಹಾಬಾದ್_ಅಜ್ಜಿ
ಮಗಳೇ, ಕೊಳೆತ 31 ಕಾಯಿ ಬಿಸಾಡಬೇಡ. ಕಪ್ಪು ಜಾಗ ಅಗಲವಾಗಿ ಕೊಯ್ದು ತೆಗೆ, ಒಳಗೆ ಚೆನ್ನಾಗಿದ್ದದ್ದನ್ನು ಮಾತ್ರ ಇಟ್ಟುಕೋ. ಹಸಿಮೆಣಸಿನಕಾಯಿ, ಬಳ್ಳುಳ್ಳಿ ಜೊತೆ ಎಣ್ಣೆಯಲ್ಲಿ ಹುರಿ, ಹುರಿದ ಶೇಂಗಾ, ಉಪ್ಪು, ಜೀರಿಗೆ ಹಾಕಿ ಕಲ್ಲಲ್ಲಿ ಕುಟ್ಟು. ಬಿಸಿ ಜೋಳದ ರೊಟ್ಟಿಗೆ ಹಚ್ಚಿಕೊಂಡರೆ ಬೇರೆ ಪಲ್ಯ ಕೇಳೋದಿಲ್ಲ.

ಶಹಾಪುರ_ಮಾವ
ಅಜ್ಜೀ, ಹಸಿವಾಯಿತು.

ಹಿತ್ತಲತೋಟ (ಕಲಬುರಗಿ)
ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಹೇಗೆ ಧನ್ಯವಾದ ಹೇಳಬೇಕೋ ತಿಳಿಯುತ್ತಿಲ್ಲ.

ಮೂರು ಗಿಡ ಚೀಲ ಹಾಕಿ ಕಿತ್ತೆ. ಆರು ಗಡಿಗೆ ತಂದು ಹೂಳಿದೆ, ಅಗೆಯೋದಕ್ಕೆ ಕಾಕಾನೇ ಬಂದರು. ಆಳಂದ ಕಡೆಯಿಂದ ನಮ್ಮ ಅಣ್ಣ ಎರಡು ಚೀಲ ತೊಗರಿ ಹೊಟ್ಟು ಕೊಟ್ಟು ಹೋದ. ಗಿಡಕ್ಕೆ ಆಸರೆ ಕೂಡ ತೊಗರಿ ಕಟ್ಟಿಗೆಯದ್ದೇ. ಹೊಟ್ಟು ಸರಿಸಿ ನೋಡಿದರೆ ಮಣ್ಣು ಕಪ್ಪಗೆ, ತಂಪಾಗಿ, ಬಿರುಕಿಲ್ಲದೆ ಇದೆ. ಮೊನ್ನೆ ಒಂದು ಗಡಿಗೆ ಸ್ವಲ್ಪ ಅಲುಗಿಸಿದೆ, ಬರಲಿಲ್ಲ. ಪಕ್ಕದ ಮಣ್ಣು ಬಿಡಿಸಿದರೆ ಸಣ್ಣ ಬಿಳಿ ಬೇರುಗಳು ಗಡಿಗೆಯ ಮೈಗೆ ಬಲೆ ಹೆಣೆದ ಹಾಗೆ ಅಪ್ಪಿಕೊಂಡಿವೆ. ಮಕ್ಕಳನ್ನು ಕರೆದು ತೋರಿಸಿ ಮತ್ತೆ ಮಣ್ಣು ಮುಚ್ಚಿದೆ.

ಮೊದಲೇ ಕಪ್ಪಾಗಿದ್ದ ಕಾಯಿ ಸರಿಯಾಗಲಿಲ್ಲ, ಅವೆಲ್ಲ ಅಜ್ಜಿಯ ಚಟ್ನಿಗೆ ಹೋದವು. ಆಮೇಲೆ ಕಟ್ಟಿದ 46 ಕಾಯಿ ಈಗ ನಿಂಬೆಹಣ್ಣಿನಷ್ಟು ಆಗಿವೆ. ಕೆಳಗೆ ಕಪ್ಪು ಇರೋದು ಐದಕ್ಕೆ. ಐದೂ ಒಂದೇ ಮೂಲೆಯ ಎರಡು ಗಿಡದವು. ಅಲ್ಲಿಗೆ ಗಡಿಗೆ ಮುಟ್ಟುತ್ತಿಲ್ಲ ಅನ್ನಿಸುತ್ತದೆ. ಇನ್ನೊಂದು ಹೂಳಲಾ, ಇಲ್ಲ ತಂಬಿಗೆಯಿಂದ ದಿನಾ ಹಾಕಿದರೆ ಸಾಕಾ?

ಶಹಾಬಾದ್_ಅಜ್ಜಿ
ಎರಡೇ ಗಿಡ ಅಲ್ವಾ, ತಂಬಿಗೆ ಸಾಕು. ಒಂದು ದಿನವೂ ತಪ್ಪಿಸಬೇಡ.